ಗೇರ್ ಕಡ್ಡಿಯ ದಾರಗಳು

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಊರಿನವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ. ದಿನಾ ಬೆಳಿಗ್ಗೆ ಹುಲ್ಲು ಕತ್ತರಿಸುವ ಗಾಡಿ ಹತ್ತಿ ಒಬ್ಬಳೇ ಹೊರಡುತ್ತೇನಲ್ಲ, ಅದಕ್ಕೆ ನನಗೆ ಗಂಡೆದೆ ಅನ್ನುತ್ತಾರೆ. ಕಾಲು ಎರಡನ್ನೂ ಕಬ್ಬಿಣದ ಮೇಲಿಟ್ಟುಕೊಂಡು ಕೂತರೆ ಯಾರಿಗೆ ಬೇಕಾದರೂ ಧೈರ್ಯ ಬರುತ್ತದೆ. ಆ ಸೀಟಿನಿಂದ ಇಳಿದ ಮೇಲೆ ನಾನು ನಮ್ಮ ಹಿತ್ತಲ ಗರಿಕೆಗೂ ಕಣ್ಣು ಕೊಟ್ಟು ನೋಡುವವಳಲ್ಲ.

ನಮ್ಮೂರಿನಲ್ಲಿ ಮೊಣಕಾಲು ಮುಟ್ಟಿದ ಹುಲ್ಲಿಗೆ ಯಾರೂ ಕಾಲಿಡುವುದಿಲ್ಲ. ಇಟ್ಟವರು ತಿರುಗಿ ಬರುವುದಿಲ್ಲ. ಕೂಗು ಕೇಳುವುದಿಲ್ಲ, ಚಪ್ಪಲಿಯೂ ಸಿಗುವುದಿಲ್ಲ. ಹೀಗಾಗಿ ನಾವು ಹೆಣ್ಣು ನೋಡಲು ಹೋದಾಗಲೂ ಗಂಡು ನೋಡಲು ಹೋದಾಗಲೂ ಮೊದಲು ಮೊಣಕಾಲು ನೋಡುತ್ತೇವೆ. ಉದ್ದ ಕಾಲಿನವರಿಗೆ ಬೆಲೆ ಜಾಸ್ತಿ. ಕುಳ್ಳಗಿದ್ದವರು ಮನೆ ಬಿಟ್ಟು ಹೊರಡುವುದೇ ಗಾಡಿ ಹೋಗಿ ಬಂದ ಮೇಲೆ. ಮಕ್ಕಳ ಮೊಣಕಾಲು ಇನ್ನೂ ಕೆಳಗಿರುತ್ತದೆ, ಅವರನ್ನು ಕಂಕುಳಲ್ಲಿ ಹೊತ್ತು ಹೊತ್ತು ನಮ್ಮ ಹೆಂಗಸರ ಸೊಂಟ ಒಂದು ಕಡೆಗೆ ವಾಲಿರುತ್ತದೆ. ಇನ್ನು ಎದೆಹಾಲು ಕುಡಿಯುವ ಕೂಸಿಗೆ ಚೋಟುದ್ದದ ಹುಲ್ಲೂ ಮೊಣಕಾಲಿನ ಲೆಕ್ಕವೇ. ಅದು ಎದ್ದು ನಿಲ್ಲುವವರೆಗೂ ನೆಲಕ್ಕೆ ಬಿಡುವುದಿಲ್ಲ. ಎತ್ತುಗಳಂತೂ ಆ ಹುಲ್ಲನ್ನು ಮೂಸುವುದೂ ಇಲ್ಲ, ಅಂಚಿನಲ್ಲೇ ಕಾಲು ಊರಿ ನಿಂತುಬಿಡುತ್ತವೆ. ಕುಡುಗೋಲು ಹಿಡಿದು ಅಂಚಿನಿಂದ ಕೊಯ್ಯುತ್ತಾ ಹೋಗಬಹುದು, ಆದರೆ ಬೆನ್ನ ಹಿಂದೆ ಅದು ಮತ್ತೆ ಏಳುತ್ತಿರುತ್ತದೆ. ಕೂತು ಓಡಿಸುವ ಈ ಗಾಡಿಯೊಂದೇ ಅದಕ್ಕಿಂತ ಬೇಗ.

ಗಾಡಿಗೆ ನನಗಿಂತ ವಯಸ್ಸಾಗಿದೆ. ನನಗಿಂತ ಮೊದಲು ಅದನ್ನು ಓಡಿಸುತ್ತಿದ್ದವನು ನಮ್ಮಪ್ಪ. ಅದರ ಗೇರ್ ಕಡ್ಡಿಗೆ ಊರಿನ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಅರಿಸಿನದ ದಾರ ಕಟ್ಟಿರುತ್ತದೆ. ಕೂಸು ಹುಟ್ಟಿದರೆ ದಾರ, ಸೊಸೆ ಬಂದರೆ ದಾರ, ಹಬ್ಬ ಬಂದರೆ ಎಲ್ಲರದ್ದೂ ಇನ್ನೊಂದೊಂದು ಸುತ್ತು. ಕಟ್ಟಿದ್ದನ್ನು ಯಾರೂ ಬಿಚ್ಚುವುದಿಲ್ಲ, ಸತ್ತವರದ್ದನ್ನೂ ಬಿಚ್ಚುವುದಿಲ್ಲ. ದಾರ ಹರಿದರೆ ಆ ಮನುಷ್ಯ ಹುಲ್ಲಿನ ಪಾಲು ಎಂದು ನಂಬಿಕೆ. ಹೀಗೆ ಬೆರಳು ದಪ್ಪದ ಕಡ್ಡಿ ತೊಡೆ ದಪ್ಪವಾಗಿತ್ತು. ದಾರದ ತುದಿಗಳು ಕಡ್ಡಿಯ ಸೀಳಿನಿಂದ ಕೆಳಗೆ ಇಳಿದು ಗಾಡಿಯ ಹೊಟ್ಟೆಯೊಳಗೆ ಎಲ್ಲಿಗೆ ಹೋಗುತ್ತಿದ್ದವೋ ಯಾರೂ ನೋಡಿರಲಿಲ್ಲ. ಗೇರ್ ಹಾಕುವಾಗ ಎಲ್ಲರ ಜೀವವೂ ನನ್ನ ಅಂಗೈಯಲ್ಲಿ ಮೆತ್ತಗೆ ಸಿಗುತ್ತಿತ್ತು. ನನಗೆ ಅದು ಹಿಡಿಸುತ್ತಿರಲಿಲ್ಲ.

ಆ ದಿನ ಬೆಳಿಗ್ಗೆ ಷೆಡ್ಡಿನಿಂದ ಗಾಡಿ ತೆಗೆದು ಸೆಕೆಂಡ್ ಗೇರ್ ಹಾಕಲು ಹೋದೆ. ಕ್ಲಚ್ ಪೂರ್ತಿ ತುಳಿದಿದ್ದರೂ ಕರಕರ ಎಂದು ಹಲ್ಲು ಕಡಿಯಿತೇ ಹೊರತು ಗೇರ್ ಬೀಳಲಿಲ್ಲ. ಮತ್ತೆ ತುಳಿದೆ, ಮತ್ತೆ ಅದೇ ಸದ್ದು. ಹುಲ್ಲಿನ ಅಂಚು ಇನ್ನೂ ದೂರವಿತ್ತು. ಗೇರ್ ಬದಲಿಸಲಾಗದ ಗಾಡಿಯನ್ನು ಹುಲ್ಲಿಗೆ ಇಳಿಸಿದರೆ ನಡುವೆ ನಿಂತುಬಿಟ್ಟೀತೆಂದು ಹೆದರಿ, ಇದ್ದ ಫಸ್ಟ್ ಗೇರಿನಲ್ಲೇ ಸುತ್ತು ಹಾಕಿ ಷೆಡ್ಡಿಗೆ ತಂದೆ. ಕ್ಲಚ್ ತುಳಿದರೂ ಗಾಡಿ ನಿಲ್ಲಲೊಲ್ಲದು, ಕೊನೆಗೆ ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ.

ಗಾಡಿ ಮೊದಲು ಹೋಗಬೇಕಾದ ದಾರಿ ಆಚೆಮನೆಯದ್ದು. ಊರಿನಿಂದ ಒಂದು ತಗ್ಗು ದಾಟಿ ಆ ಕಡೆ ಒಂಟಿಯಾಗಿ ನಿಂತ ಮನೆ. ಅಲ್ಲಿ ನನ್ನ ತಂಗಿ ಲಕ್ಕಮ್ಮ ಹಸಿ ಬಾಣಂತಿ, ಅವಳ ಪಕ್ಕದಲ್ಲಿ ಇನ್ನೂ ಹೆಸರಿಡದ ಹೆಣ್ಣುಕೂಸು. ಅವಳ ಗಂಡ ಮಾರಣ್ಣ ಹಿಂದಿನ ದಿನ ಬಾಣಂತಿ ಖಾರಕ್ಕೆಂದು ಮೆಣಸು, ಶುಂಠಿ ತರಲು ಈಚೆಗೆ ಬಂದವನು ಕತ್ತಲಾಯಿತೆಂದು ನಮ್ಮ ಜಗಲಿಯಲ್ಲೇ ಮಲಗಿದ್ದ. ಬೆಳಿಗ್ಗೆ ಹುಲ್ಲು ಇನ್ನೂ ಅವನ ಕಣಕಾಲಿನಷ್ಟೇ ಇತ್ತು, ಓಡಿ ಹೋಗಬಹುದಿತ್ತು. ಆದರೆ ಗಾಡಿಗಿಂತ ಮುಂಚೆ ಯಾರೂ ದಾರಿಗಿಳಿಯಬಾರದು ಎನ್ನುವುದು ನಮ್ಮ ಪದ್ಧತಿ. "ಈಗ ರಿಪೇರಿ ಆಯ್ತದೆ ತಡಿಯಪ್ಪ" ಎಂದು ಎಲ್ಲರೂ ಅವನನ್ನು ಹಿಡಿದು ಕೂರಿಸಿದರು. ಕೂರಿಸಿದವರಲ್ಲಿ ನಾನೂ ಒಬ್ಬಳು.

ಗೌಸ್ ಸಾಬರು ಬಂದರು. ಊರಿನ ಸೈಕಲ್, ಪಂಪು, ಹೊಲಿಗೆ ಮಿಷನ್ನು ಎಲ್ಲಕ್ಕೂ ಅವರೇ ವೈದ್ಯರು. ಬಂದವರು ಮೊದಲು ಬೈದರು, ಅದು ಅವರ ಅಭ್ಯಾಸ. "ನಿಮ್ಮಪ್ಪ ಕಾಲ್ನಾಗೆ ಓಡಿಸ್ತಿದ್ದ, ನೀನು ಕೋಪದಾಗೆ ಓಡಿಸ್ತೀಯ ಕಣವ್ವ. ಗೇರ್ ಹಲ್ಲು ಉದುರಿರ್ತವೆ. ಪೆಟ್ಟಿಗೆ ಬಿಚ್ಚಬೇಕು. ನಾಳೆ ಸಂಜೆಗೆ ನೋಡಾಣ."

"ನಾಳೆ ಸಂಜೆಗೆ ಅಲ್ಲಿ ಯಾರು ಇರ್ತಾರೆ ಸಾಬ್ರೇ?" ಎಂದೆ.

ಅವರು ಸ್ಪ್ಯಾನರ್ ತೆಗೆದರು. ಕಡ್ಡಿಯ ರಾಡು ಬಿಗಿ ಮಾಡಿದರು, ಕೀಲುಗಳಿಗೆಲ್ಲ ಎಣ್ಣೆ ಬಿಟ್ಟರು. ಪೆಡಲಿನ ನಟ್ಟು ಒಂದೆರಡು ಸುತ್ತು ತಿರುಗಿಸಿದರು. ಎಂಜಿನ್ ಹಾಕಿದೆ. ಕರಕರ. ಹೊತ್ತು ನೆತ್ತಿಗೇರುತ್ತಿತ್ತು. ತಗ್ಗಿನ ಆಚೆಯಿಂದ ಮೊರ ಬಡಿಯುವ ಸದ್ದು ಶುರುವಾಯಿತು. ಗಾಡಿ ಬಾರದಿದ್ದರೆ ಮೊರ ಬಡಿಯಬೇಕೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಡಬ್ ಡಬ್ ಡಬ್. ತಂಗಿ ಬಡಿಯುತ್ತಿದ್ದಾಳೆ ಎಂದರೆ ಬಾಣಂತಿ ಮಂಚ ಬಿಟ್ಟು ಎದ್ದಿದ್ದಾಳೆ. ಮಾರಣ್ಣ ಕುಡುಗೋಲು ಕಿತ್ತುಕೊಂಡು ಅಂಚಿಗೆ ಓಡಿದ.

ಎಂಜಿನ್ ಆರಿಸಿ ನಾನು ಸಿಟ್ಟಿನಿಂದ ಕಡ್ಡಿಯನ್ನು ಜಗ್ಗಿದೆ. ಗೇರ್ ಬಿತ್ತು. ನ್ಯೂಟ್ರಲಿಗೆ ತಂದು ಮತ್ತೆ ಹಾಕಿದೆ, ಮತ್ತೆ ಬಿತ್ತು. ಫಸ್ಟ್, ಸೆಕೆಂಡ್, ಥರ್ಡ್, ಎಲ್ಲವೂ ಬಿಗಿಯಾಗಿ ಬಂದರೂ ಬೀಳುತ್ತಿದ್ದವು.

"ಸಾಬ್ರೇ, ಹಲ್ಲು ಉದುರಿದ್ರೆ ಈಗ ಹೆಂಗೆ ಬೀಳ್ತವೆ?"

ಅವರು ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ನೋಡಿದರು. ಗೇರಿನಲ್ಲಿಟ್ಟೇ ಎಂಜಿನ್ ಹಾಕಿದರೆ ಗಾಡಿ ಕಪ್ಪೆಯ ಹಾಗೆ ಒಮ್ಮೆ ನೆಗೆದು ಆರಿಹೋಯಿತು. ಸಾಬರ ಮುಖದಲ್ಲಿ ಬೈಗುಳ ಇಳಿಯಿತು. "ಗೇರ್ ಪೆಟ್ಟಿಗೆ ಚೆನ್ನಾಗೈತೆ ಕಣವ್ವ. ಬೆಲ್ಟು ಸಡಿಲ ಆಗ್ತಿಲ್ಲ. ಕ್ಲಚ್ ತುಳುದ್ರೆ ಕೆಳಗೊಂದು ಪುಲ್ಲಿ ಹಿಂದಕ್ಕೆ ಸರೀಬೇಕು, ಆಗ ಬೆಲ್ಟು ಜೋಲಾಡಿ ಗೇರು ಸುತ್ತೋದು ನಿಲ್ಲುತ್ತೆ, ಆಗ ಬೀಳುತ್ತೆ. ಅದ್ಯಾವುದೋ ಪುಲ್ಲೀನ ಹಿಡ್ಕಂಡೈತೆ." ಹಾಗೆಂದು ಗಾಡಿಯ ಒಂದು ಮಗ್ಗುಲನ್ನು ಕಲ್ಲಿನ ಮೇಲೆ ಎತ್ತಿ, ಕೆಳಗೆ ಗೋಣಿ ಹಾಸಿ ಮಲಗಿದರು.

ನಾನೂ ಬಗ್ಗಿ ನೋಡಿದೆ. ಮೇಲಿನಿಂದ ಇಳಿದ ದಾರಗಳೆಲ್ಲ ಅಲ್ಲಿದ್ದವು. ಗ್ರೀಸು ಕುಡಿದು ಕಪ್ಪಾಗಿ, ಜಡೆಗಟ್ಟಿ, ಪುಲ್ಲಿಯ ತೋಳಿಗೂ ಸ್ಪ್ರಿಂಗಿಗೂ ಕಡ್ಡಿಯ ರಾಡಿಗೂ ಸೇರಿಸಿ ಸುತ್ತಿಕೊಂಡಿದ್ದವು. ಊರಿಗೆ ಊರೇ ಅಲ್ಲಿ ಪುಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡಿತ್ತು.

"ಕಡೀಬೇಕು" ಎಂದೆ.

ಸಾಬರು ಆಚೆ ಬಂದು ಕೈ ಒರೆಸಿಕೊಂಡರು. "ನನ್ನ ಮೊಮ್ಮಗಳದ್ದೂ ಐತೆ ಅದ್ರಾಗೆ. ಬೇರೆ ಏನ್ ಬೇಕಾದ್ರೂ ಹೇಳು, ಮಾಡ್ತೀನಿ. ಅದೊಂದು ನನ್ನ ಕೈಲಾಗಲ್ಲ." ನಾನು ಅವರನ್ನು ಹೀಗೆ ನೋಡಿಯೇ ಇರಲಿಲ್ಲ.

ಅಷ್ಟರಲ್ಲಿ ಜನ ಸೇರಿದ್ದರು. ಊರ ಯಜಮಾನ ಓಬಳಯ್ಯ ಮುಂದೆ ಬಂದ. ಅವನು ಕೆಟ್ಟವನಲ್ಲ, ಎಲ್ಲರ ಮನೆಯ ಸಾವಿಗೂ ಮೊದಲು ಬಂದು ಕೂರುವವನು. "ತಾಯಿ, ನಿನ್ನ ತಂಗಿ ನನ್ನ ಮಗಳಿದ್ದಂಗೆ. ಆದ್ರೆ ಅಲ್ಲಿರೋದು ಎರಡು ಜೀವ, ಇಲ್ಲಿರೋದು ಊರು. ನಿಂದು ಯಾವ ದಾರ ಅಂತ ಗೊತ್ತಿದ್ರೆ ನಿಂದು ಕಡ್ಕ. ನನ್ನ ಮಗಂದು ಯಾಕೆ ಕಡೀತೀಯ?"

"ಒಬ್ಬೊಬ್ರದ್ದು ಬಿಡಿಸಿ ಕೊಡ್ತೀನಿ, ಬಂದು ನಿಮ್ಮದು ತಗಂಡು ಹೋಗ್ರಿ" ಎಂದೆ. ಯಾರೂ ಬಗ್ಗಿ ನೋಡಲೂ ಇಲ್ಲ. ಬಿಡಿಸುವುದಾದರೂ ಯಾವುದನ್ನು? ತಿಪ್ಪಮ್ಮ ಎಂಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಅವಳ ಗಂಡ ಹುಲ್ಲಿಗೆ ಹೋಗಿ ಎಷ್ಟೋ ಕಾಲವಾಗಿತ್ತು, ಅವನದ್ದು ಅಂತ ಉಳಿದಿದ್ದು ಆ ದಾರ ಒಂದೇ. ನನಗೆ ಅವಳ ಮೇಲೆ ಕನಿಕರವೂ ಬಂತು, ಹಾಳು ದಾರದ ಮೇಲೆ ರೋಷವೂ ಬಂತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಬಂದದ್ದು ಭಯ. ಓಬಳಯ್ಯ ಹೇಳಿದ್ದು ನಿಜವಾಗಿದ್ದರೆ? ಕಡಿದ ಮೇಲೆ ಈ ಮುಖಗಳಲ್ಲಿ ಒಂದೊಂದೇ ಕಾಣದೆ ಹೋದರೆ?

ಗೋಣಿಯ ಮೇಲೆ ಮಲಗಿ ಜಡೆಯೊಳಗೆ ಬೆರಳು ಹಾಕಿದೆ. ಎಲ್ಲಿಂದಾದರೂ ಬಿಡಿಸಲು ಬರುತ್ತದೇನೋ ಎಂಬ ಆಸೆ. ಒಳಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಎಳೆದರೆ ಬರಲಿಲ್ಲ, ಅಲ್ಲಾಡಿಸಿ ಅಲ್ಲಾಡಿಸಿ ಎಳೆದೆ. ಒಂದು ಮಡಚುವ ಚಾಕು. ಕೊಂಬಿನ ಹಿಡಿ, ಹಿಡಿಯ ತುದಿಗೆ ಹಿತ್ತಾಳೆ ಉಂಗುರ. ಅದರಲ್ಲೇ ಅಪ್ಪ ನನಗೂ ಲಕ್ಕಮ್ಮನಿಗೂ ಕಬ್ಬು ಸಿಗಿದು ಕೊಡುತ್ತಿದ್ದ.

ಅಪ್ಪ ಹೋದದ್ದು ಆಚೆಮನೆಯ ತಗ್ಗಿನಲ್ಲೇ. ಗಾಡಿ ನಡುಹುಲ್ಲಿನಲ್ಲಿ ನಿಂತಿತ್ತಂತೆ. ಅವನು ಸೀಟಿನಿಂದ ಒಂದು ಕಡೆಗೆ ಬಗ್ಗಿದ್ದನ್ನು ನೋಡಿದವರಿದ್ದರು, ಇಳಿದದ್ದನ್ನು ನೋಡಿದವರಿಲ್ಲ. ಅಂಚಿನಿಂದ ಕೊಕ್ಕೆಹಗ್ಗ ಬೀಸಿ, ಈಚೆ ಎತ್ತು ಕಟ್ಟಿ ಗಾಡಿಯನ್ನು ಎಳೆದು ತಂದರು. ಅಷ್ಟು ವರ್ಷ ಓಡಿಸಿದವನು ಯಾಕೆ ಕೆಳಗಿಳಿದ ಎಂದು ಯಾರಿಗೂ ತಿಳಿಯಲಿಲ್ಲ. ತಲೆ ಕೆಟ್ಟಿತ್ತು ಎಂದರು. ನಾನೂ ಒಳಗೊಳಗೆ ಹಾಗೇ ಅಂದುಕೊಂಡಿದ್ದೆ. ಈಗ ಚಾಕು ನನ್ನ ಕೈಯಲ್ಲಿತ್ತು. ಷೆಡ್ಡಿನಲ್ಲಿ ಎಲ್ಲರ ಎದುರಿಗೆ ದಾರ ಕಡಿಯಲು ಬಿಡುವುದಿಲ್ಲವೆಂದು ಅಪ್ಪನಿಗೆ ಗೊತ್ತಿತ್ತು. ಯಾರೂ ಬಂದು ತಡೆಯಲಾಗದ ಕಡೆ, ಹುಲ್ಲಿನ ನಡುವೆ, ಸೀಟಿನಿಂದ ಜೋತುಬಿದ್ದು ಕಡಿದಿದ್ದ. ಕೈಗೆ ಎಟುಕದ್ದಕ್ಕೆ ಒಂದು ಕಾಲು ಕೆಳಗಿಟ್ಟಿದ್ದ. ಅವನು ಕಡಿದಷ್ಟರಿಂದಲೇ ಪುಲ್ಲಿ ಬಿಟ್ಟುಕೊಂಡು ನಾನು ಇಷ್ಟು ಕಾಲ ಗಾಡಿ ಓಡಿಸಿದ್ದೆ. ಗೋಣಿಯ ಮೇಲೆ ಮಲಗಿದ್ದವಳು ಹಾಗೇ ಬಿಕ್ಕಿ ಬಿಕ್ಕಿ ಅತ್ತೆ.

ಆಗ ಮೊರದ ಸದ್ದು ನಿಂತಿತು.

ಎಲ್ಲರೂ ತಗ್ಗಿನ ಕಡೆ ತಿರುಗಿದರು. ಅಂಚಿನಲ್ಲಿ ಮಾರಣ್ಣನ ಕುಡುಗೋಲೂ ನಿಂತಿತು. ನಾನು ಚಾಕುವಿನ ತುಕ್ಕನ್ನು ಕಲ್ಲಿಗೆ ಉಜ್ಜಿದೆ, ಮಲಗಿದೆ, ಕಡಿಯತೊಡಗಿದೆ. ಎರಡು ಸಲ ನನ್ನ ಬೆರಳನ್ನೇ ಕುಯ್ದುಕೊಂಡೆ. ಒಂದೊಂದು ಎಳೆ ಪಟಕ್ಕೆಂದಾಗಲೂ ಹಿಂದೆ ಯಾರೋ ಉಸಿರೆಳೆದುಕೊಳ್ಳುತ್ತಿದ್ದರು. ಒಬ್ಬರೂ ತಡೆಯಲಿಲ್ಲ. ಆಮೇಲೆ ತಿರುಗಿ ನೋಡಿದರೆ ಷೆಡ್ಡಿನಲ್ಲಿ ಗೌಸ್ ಸಾಬರನ್ನು ಬಿಟ್ಟು ಯಾರೂ ಇರಲಿಲ್ಲ. ಎಲ್ಲರೂ ಮನೆಗೆ ಓಡಿ, ಮಂಚ ಹತ್ತಿ, ಕಾಲು ಮೇಲಿಟ್ಟುಕೊಂಡು ಕೂತಿದ್ದರು.

ಮೇಲಿನ ಕಡ್ಡಿಯದ್ದನ್ನೂ ಸಿಗಿದು ತೆಗೆದೆ. ಅದು ತೆಳ್ಳಗೆ, ಬೆತ್ತಲಾಗಿ ಕಂಡಿತು. ಸಾಬರು ಕಣ್ಣು ಮುಚ್ಚಿಕೊಂಡೇ ಸ್ಪ್ರಿಂಗು ಸಿಕ್ಕಿಸಿದರು. "ತುಳಿ" ಎಂದರು. ತುಳಿದೆ, ಪುಲ್ಲಿ ಹಿಂದಕ್ಕೆ ಸರಿಯಿತು. ಎಂಜಿನ್ ಹಾಕಿದೆ. ಬೆಣ್ಣೆಯಿಂದ ಕೂದಲೆಳೆದ ಹಾಗೆ ಗೇರ್ ಬಿತ್ತು.

ಅಂಚಿಗೆ ಬಂದಾಗ ಹುಲ್ಲು ಮಾರಣ್ಣನ ಮೊಣಕಾಲಿಗಿಂತ ಒಂದು ಗೇಣು ಮೇಲಿತ್ತು. ಅವನು ತಾನೂ ಬರುತ್ತೇನೆಂದ. ಬರುವಾಗ ಸೀಟಿನಲ್ಲಿ ಜಾಗ ಬೇಕು, ಬೇಡ ಎಂದೆ. ಫಸ್ಟ್ ಗೇರಿನಲ್ಲಿ ಒಳಗೆ ಇಳಿಸಿದೆ. ಆ ಹುಲ್ಲು ಗಾಳಿಗೆ ಅಲ್ಲಾಡುವುದಿಲ್ಲ. ಅದರಲ್ಲಿ ಮಿಡತೆಯೂ ಇಲ್ಲ. ಎಂಜಿನ್ನಿನ, ಬ್ಲೇಡಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಕಾಲಿಟ್ಟ ತಗಡಿನ ಅಂಚಿಗೆ ತೆನೆಗಳು ಬಂದು ಬಂದು ಒರಗುತ್ತಿದ್ದವು, ನಾನು ಕಾಲುಗಳನ್ನು ಸೀಟಿನವರೆಗೂ ಎಳೆದುಕೊಂಡೆ. ಆದರೆ ಕ್ಲಚ್ ತುಳಿಯಲು ಕಾಲು ಕೆಳಗೆ ಬಿಡಲೇಬೇಕಲ್ಲ. ಪ್ರತಿ ಸಲ ಬಿಡುವಾಗಲೂ ಅಪ್ಪ ಎಂದು ಒಳಗೇ ಕೂಗಿಕೊಳ್ಳುತ್ತಿದ್ದೆ. ಅವನು ಇಳಿದ ಜಾಗ ನನಗೆ ಗೊತ್ತು, ದಿನವೂ ಅದನ್ನು ಥರ್ಡ್ ಗೇರಿನಲ್ಲಿ ಕಣ್ಣು ಮುಚ್ಚಿ ದಾಟುತ್ತಿದ್ದವಳು. ಆ ದಿನ ಕಣ್ಣು ತೆರೆದಿದ್ದೆ. ಅಲ್ಲಿ ಹುಲ್ಲಲ್ಲದೆ ಏನೂ ಇರಲಿಲ್ಲ.

ಆಚೆಮನೆಯ ಹೊಸ್ತಿಲಿನ ಮೇಲೆ ಹುಲ್ಲು ಆಗಲೇ ಬಗ್ಗಿತ್ತು. ಒಳಗೆ ಲಕ್ಕಮ್ಮ ಒರಳುಕಲ್ಲಿನ ಮೇಲೆ ನಿಂತು, ಕೂಸನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಹರಿದ ಮೊರ ಕೆಳಗೆ ಬಿದ್ದಿತ್ತು. ಎಷ್ಟು ಹೊತ್ತಿನಿಂದ ಹಾಗೆ ಹಿಡಿದಿದ್ದಳೋ, ಎರಡೂ ತೋಳು ಗಡಗಡ ಅದುರುತ್ತಿದ್ದವು. ನಾನು ಗಾಡಿಯ ಮೂತಿಯನ್ನು ಬಾಗಿಲಿನೊಳಗೇ ನುಗ್ಗಿಸಿ ನ್ಯೂಟ್ರಲ್ ಮಾಡಿದೆ.

"ಹತ್ತೇ" ಎಂದೆ.

ಅವಳು ಒಂದು ಕಾಲು ಎತ್ತಿದವಳು ಗೇರ್ ಕಡ್ಡಿಯನ್ನು ನೋಡಿ ಹಾಗೇ ನಿಂತಳು. "ಅಕ್ಕಾ, ದಾರ ಎಲ್ಲಿ?"

"ಕಡ್ದೆ. ಹತ್ತು."

"ಎಲ್ಲಾರದ್ದೂನಾ? ನಂದೂ? ಕೂಸಿಗೆ ಇನ್ನೂ ದಾರ ಕಟ್ಟಿಲ್ಲ ಕಣಕ್ಕ, ಕಟ್ಟದೆ ಹೊಸ್ತಿಲು ದಾಟಿಸಬಾರದು." ಕೂಸನ್ನು ಕಂಕುಳಿಗೆ ಇಳಿಸಿಕೊಂಡು, ಕುಪ್ಪಸದೊಳಗಿಂದ ಅರಿಸಿನ ಹಚ್ಚಿದ ದಾರವನ್ನು ತೆಗೆದಳು. ಗಾಡಿ ಬಂದ ಕೂಡಲೇ ಕಟ್ಟಬೇಕೆಂದು ಬೆಳಿಗ್ಗೆಯೇ ಮಾಡಿಟ್ಟುಕೊಂಡಿದ್ದಳು. "ಈ ಬೋಳು ಕಡ್ಡಿಗೆ ಹೆಂಗೆ ಕಟ್ಲಿ? ಎಲ್ಲಾರದ್ದೂ ಕಡ್ದ ಕಡ್ಡಿ ಇದು. ನಾನು ಬರಲ್ಲ."

ಬೈದೆ, ಬೇಡಿಕೊಂಡೆ, ಅಪ್ಪನ ಆಣೆ ಇಟ್ಟೆ. ಅವಳು ಕೇಳುವ ಹಾಗಿರಲಿಲ್ಲ. ಒರಳಿನ ಬುಡಕ್ಕೆ ಮೊದಲ ಎಸಳು ಬಂದು ಮುಟ್ಟಿತು. ನಾನು ಬಲಗೈ ಚಾಚಿದೆ.

"ಇಲ್ಲಿಗೆ ಕಟ್ಟು. ಕಡ್ಡಿ ಹಿಡಿಯೋ ಕೈ ಇದು. ಬೇಗ ಕಟ್ಟೇ."

ಅವಳು ಕೂಸನ್ನು ನನ್ನ ತೊಡೆಗೆ ಹಾಕಿ, ನನ್ನ ಮಣಿಕಟ್ಟಿಗೆ ದಾರ ಸುತ್ತಿ ಮೂರು ಗಂಟು ಹಾಕಿದಳು. ಆಮೇಲೆ ಬಂದು ನನ್ನ ಬೆನ್ನಿಗೆ ಅಂಟಿ ಕೂತಳು. ಬರುವ ದಾರಿಯುದ್ದಕ್ಕೂ ಅವಳ ಎದೆ ಬಡಿಯುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ಮಾರಣ್ಣ ಅಂಚಿನಲ್ಲಿ ನೆಲಕ್ಕೆ ಕುಸಿದು ಕೂತು ಮಗುವಿನ ಹಾಗೆ ಅಳುತ್ತಿದ್ದ.

ಊರಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಓಬಳಯ್ಯನ ಮಗ ಮಾರನೆಯ ದಿನವೂ ಹೋಟೆಲಿನ ಮುಂದೆ ಬೀಡಿ ಸೇದುತ್ತಿದ್ದ. ಗೌಸ್ ಸಾಬರ ಮೊಮ್ಮಗಳು ಬಿದ್ದು ಮಂಡಿ ತರಚಿಕೊಂಡಳು, ಅಷ್ಟೇ. ದಾರದ ಹಂಗು ಇಲ್ಲಿಗೆ ತೀರಿತು ಎಂದು ನಾನು ತಿಳಿದೆ. ಆದರೆ ಊರು ನೋಡಿದ್ದು ಬೇರೆ. ದಾರ ಕಡಿದವಳು ನಡುಹುಲ್ಲಿಗೆ ಹೋಗಿ ಬದುಕಿ ಬಂದಳು, ಕೈಗೆ ದಾರ ಕಟ್ಟಿಸಿಕೊಂಡು ಬಂದಳು. ಮೊದಲು ಬಂದವಳು ತಿಪ್ಪಮ್ಮ. ಗಂಡನ ಹೆಸರಿನ ದಾರ ತಂದಿದ್ದಳು. ಆ ಕಣ್ಣು ನೋಡಿ ಬೇಡ ಎನ್ನುವುದು ಹೇಗೆ? ಮಣಿಕಟ್ಟು ಚಾಚಿದೆ. ಅವಳ ಹಿಂದೆ ಓಬಳಯ್ಯ ನಿಂತಿದ್ದ, ಅವನ ಹಿಂದೆ ಸಾಲು.

ಆಮೇಲೆ ಎರಡು ಹಬ್ಬ ಕಳೆದಿವೆ. ದಾರಗಳು ನನ್ನ ಮೊಣಕೈ ದಾಟಿವೆ. ಸ್ನಾನ ಮಾಡಿದರೆ ಒಳಗಿನವು ಒಣಗುವುದಿಲ್ಲ, ರಾತ್ರಿ ಕೈ ಜೋಮು ಹಿಡಿಯುತ್ತದೆ. ಗಾಡಿ ಹೊಸದರ ಹಾಗೆ ಓಡುತ್ತದೆ, ಪುಲ್ಲಿ ಸಲೀಸು, ಗೇರ್ ಸಲೀಸು. ಈಗ ಬಿಗಿಯಾಗಿರುವುದು ನನ್ನ ಕೈ. ಮೊನ್ನೆ ತಗ್ಗಿನಲ್ಲಿ, ಅಪ್ಪ ಇಳಿದ ಜಾಗದಲ್ಲೇ, ಸೆಕೆಂಡಿನಿಂದ ಥರ್ಡಿಗೆ ಹಾಕಲು ಬೆರಳು ಮಡಚಲಿಲ್ಲ. ಎಡಗೈಯಿಂದ ಬಲಗೈಯನ್ನು ಎತ್ತಿ ಕಡ್ಡಿಯ ಮೇಲಿಡಬೇಕಾಯಿತು. ಅಷ್ಟು ಹೊತ್ತು ಗಾಡಿ ನಿಂತಿತ್ತು. ತೆನೆಗಳು ತಗಡಿಗೆ ಬಂದು ಒರಗಿದವು.

ಅಲ್ಲಿಂದ ನೇರ ಆಚೆಮನೆಗೆ ಹೋದೆ. ಲಕ್ಕಮ್ಮ ಮಗಳನ್ನು ಸೊಂಟಕ್ಕೆ ಹಾಕಿಕೊಂಡು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಅವಳ ಮುಂದೆ ಕೂತು, ಅಪ್ಪನ ಚಾಕುವನ್ನು ಬಿಚ್ಚಿಟ್ಟು, ಬಲಗೈ ಚಾಚಿದೆ. "ಎಡಗೈನಾಗೆ ನಂಗೆ ಆಗ್ತಿಲ್ಲ. ನೀನು ಕಡಿ. ಬೇರೆ ಯಾರನ್ನೂ ಕೇಳೋಕಾಗಲ್ಲ ಕಣೇ" ಎಂದೆ.

ಅವಳು ತಕ್ಷಣ ಚಾಕು ತೆಗೆದುಕೊಂಡಳು. ನನಗೆ ಜೀವ ಬಂದ ಹಾಗಾಯಿತು. ನನ್ನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ದಾರಗಳ ನಡುವೆ ಬೆರಳು ತೂರಿಸಿ, ಒಂದೊಂದೇ ಎಳೆಯನ್ನು ಸರಿಸಿ ಸರಿಸಿ ನೋಡತೊಡಗಿದಳು. ಬಹಳ ಹೊತ್ತು ನೋಡಿದಳು.

"ಏನೇ ಹುಡುಕ್ತಿದ್ದೀಯ?" ಎಂದೆ.

"ನನ್ನ ಮಗಳದ್ದು ಯಾವುದು ಅಂತ" ಎಂದಳು. ಎಲ್ಲ ಬೆವರಿಗೆ ಒಂದಾಗಿ ಜಡೆಗಟ್ಟಿದ್ದವು, ಯಾವುದು ಯಾರದ್ದೆಂದು ತಿಳಿಯುವ ಹಾಗಿರಲಿಲ್ಲ. ಅವಳು ಚಾಕುವನ್ನು ಮಡಚಿ, ನನ್ನ ಎಡಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮುಚ್ಚಿದಳು. "ನಾಳೆ ನೋಡಾಣ ಕಣಕ್ಕ. ಹೊತ್ತಾಯ್ತು, ಹುಲ್ಲು ಏಳ್ತೈತೆ, ನೀನು ಹೊರಡು" ಎಂದು ಬಾಗಿಲವರೆಗೂ ಬಂದು ನನ್ನನ್ನು ಸೀಟಿನ ಮೇಲೆ ಕೂರಿಸಿದಳು.